ಸರೀರಿ ಎಂದ ಅಂಬಣ್ಣ

ಗಬ್ಬೂರಿನ ಅಂಬಣ್ಣನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಗಡಿಗೆ ಮಜ್ಜಿಗೆಯಿಂದ. ಅದಕ್ಕೂ ಮೊದಲು ಅವನು ಯಾರನ್ನೂ ಕಂಡು ಕುದಿದವನಲ್ಲ, ಕುದಿಯುವ ಪ್ರಸಂಗವೇ ಬಂದಿರಲಿಲ್ಲ. ಊರಿನ ಮೂವತ್ತನಾಲ್ಕು ಬಂಡಿಗಳಲ್ಲಿ ಮುಂದಿನ ಬಂಡಿ ಅವನದು. ಮುಂದೆ ಹೋಗುವವನ ಕಣ್ಣಿಗೆ ಬೀಳುವುದು ಬರೀ ದಾರಿ. ಧೂಳು ತಿನ್ನುವುದೆಲ್ಲ ಹಿಂದಿನವರ ಪಾಲು.

ಅವನಪ್ಪ ಕುರಿಗಳ ಹಿಂದೆ ತಿರುಗಿ ಕಾಲು ಸವೆಸಿದವನು. ಅಂಬಣ್ಣನಿಗೆ ಕುರಿ ಒಗ್ಗಲಿಲ್ಲ, ಎತ್ತು ಒಗ್ಗಿತು. ಹದಿನಾರನೆಯ ವಯಸ್ಸಿಗೆ ಸೋದರಮಾವನ ಬಂಡಿ ಹೊಡೆದ, ಇಪ್ಪತ್ತಕ್ಕೆ ತನ್ನದೇ ಬಂಡಿ ಹೂಡಿದ. ಹತ್ತಿ ಬಿಡಿಸಿ ಮುಗಿದ ಮೇಲೆ, ಶಿವರಾತ್ರಿಯ ಆಚೀಚೆ, ದೇವದುರ್ಗದ ಸೀಮೆಯ ಹತ್ತಿಯೆಲ್ಲ ಅಂಡಿಗೆಗಳಲ್ಲಿ ತುಂಬಿ ರಾಯಚೂರಿನ ಗಂಜಿಗೆ, ಅಲ್ಲಿನ ಹತ್ತಿ ಪೇಟೆಗೆ, ಹೋಗುತ್ತಿತ್ತು. ಅಂಡಿಗೆ ಎಂದರೆ ಒಂದು ಆಳು ಒಳಗೆ ನಿಂತು ತುಳಿದು ತುಂಬುವಂಥ ದೊಡ್ಡ ಚೀಲ. ಅಂಥ ಮೂರನ್ನು ಹೇರಿಕೊಂಡ ಬಂಡಿ ದೂರದಿಂದ ನೋಡಿದರೆ ಗುಡಿಸಲೊಂದು ನಡೆದು ಬಂದಂತೆ ಕಾಣುತ್ತಿತ್ತು. ಗಾಲಿಯ ಸದ್ದು ಕೇಳಿಯೇ ಯಾವ ಬಂಡಿಯ ಅಚ್ಚಿಗೆ ಎಣ್ಣೆ ಬೇಕು ಎಂದು ಅಂಬಣ್ಣ ಹೇಳುತ್ತಿದ್ದ. ತನ್ನ ಎತ್ತುಗಳಿಗೆ, ಕೆಂದನಿಗೂ ಮಾಸನಿಗೂ, ಬೇರೆಯವರ ಕೈಯಿಂದ ಒಂದು ಹಿಡಿ ಮೇವು ಹಾಕಿಸಿದವನಲ್ಲ. ಇಪ್ಪತ್ತೆಂಟನೆಯ ವರ್ಷಕ್ಕೆ ಊರಿನ ಹಿರಿಯ ಮಲ್ಲಯ್ಯ, ಅಷ್ಟು ದಿನ ತಾನೇ ಸಾಲಿನ ಮುಂದೆ ನಡೆದವನು, ಮುಂಗಂಟೆಯನ್ನು ಬಿಚ್ಚಿ ಕೆಂದನ ಕೊರಳಿಗೆ ಕಟ್ಟಿದ.

ಮುಂಗಂಟೆ ಕಂಚಿನದು, ಒಂದು ತೆಂಗಿನಕಾಯಿಯ ಗಾತ್ರ. ಗೆಜ್ಜೆಸರ ಎಲ್ಲರ ಎತ್ತಿಗೂ ಇರುತ್ತಿತ್ತು, ಈ ಗಂಟೆ ಮಾತ್ರ ಸಾಲಿಗೆ ಒಂದೇ. ಅದು ಊರಿನ ಆಸ್ತಿ. ಅದರ ಹಿಂದೆ ಒಂದು ಕಟ್ಟುಪಾಡೂ ಇತ್ತು. ಆ ದಾರಿಯ ಯಾವ ಊರಿನವರೂ ತಮ್ಮ ಸಾಲನ್ನು ಕಡಿಯಗೊಡುತ್ತಿರಲಿಲ್ಲ. ಊರು ಬಿಟ್ಟ ಬಂಡಿಗಳು ಗಂಜಿನ ಬಾಗಿಲು ಮುಟ್ಟುವತನಕ ಒಂದರ ಹಿಂದೆ ಒಂದು ಇರಬೇಕು, ಮಧ್ಯೆ ಪರಊರಿನ ಬಂಡಿ ಸೇರಬಾರದು. ಮುಂದಿನವನು ತಾನಾಗಿ ಎಡೆಗೊಟ್ಟು ಸಾಲು ಕಡಿಸಿಕೊಂಡರೆ ಗಂಟೆ ಬಿಚ್ಚಬೇಕು. ಪರಊರಿನವನು ನುಗ್ಗಿ ಕಡಿದಿದ್ದರೆ ತಪ್ಪು ಅವನದು. ಅವನ ಹೆಸರು ಹೇಳಿ ಊರೂರಿಗೆ ಸುದ್ದಿ ಮುಟ್ಟಿಸುತ್ತಿದ್ದರು, ಆಮೇಲೆ ಅವನ ಬಂಡಿಯನ್ನು ಯಾರೂ ತಮ್ಮ ಸಾಲಿಗೆ ಸೇರಿಸುತ್ತಿರಲಿಲ್ಲ. ಅಂಬಣ್ಣ ಹನ್ನೆರಡು ವರ್ಷ ಆ ಗಂಟೆಯನ್ನು ಕಾಪಾಡಿಕೊಂಡು ಬಂದಿದ್ದ.

ಇನ್ನು ಮಜ್ಜಿಗೆಯ ಮಾತು. ಅಂಬಣ್ಣನ ಹೆಂಡತಿ ಬೂದೆಮ್ಮನ ತವರು ಮಾನ್ವಿಯ ಹತ್ತಿರ. ಒಂದು ವರ್ಷ ತವರಿಗೆ ಹೋದವಳು ಹಿಂದಿರುಗುವಾಗ ಮಾನ್ವಿಯ ಹತ್ತಿ ಬಂಡಿಯಲ್ಲಿ ಕೂತು ರಾಯಚೂರಿನ ಗಂಜಿಗೆ ಬಂದಳು. ಅಲ್ಲಿಂದ ಗಂಡನ ಬಂಡಿಯಲ್ಲಿ ಊರಿಗೆ ಹೋಗುವುದೆಂದು ಮಾತಾಗಿತ್ತು. ಅವಳನ್ನು ಕೂರಿಸಿಕೊಂಡು ಬಂದವನು ಮಾನ್ವಿ ಸಾಲಿನ ಮುಂದಾಳು ತಾಯಣ್ಣ, ಅಂಬಣ್ಣನ ವಯಸ್ಸಿನವನೇ. ಬೂದೆಮ್ಮ ಬಂಡಿ ಇಳಿದು, ಬಟ್ಟೆಯಿಂದ ಬಾಯಿ ಕಟ್ಟಿದ ಗಡಿಗೆಯನ್ನು ಗಂಡನ ಮುಂದೆ ಇಟ್ಟಳು.

“ನೋಡಿಲ್ಲಿ, ಅರಿವಿ ಸುದ್ದಾ ತೊಯ್ದಿಲ್ಲ. ಅವ್ವ ಕೊಟ್ಟ ಮಜ್ಜಿಗಿ, ಒಂದು ಹನಿ ಚೆಲ್ಲಿಲ್ಲ. ತಾಯಣ್ಣನ ಬಂಡ್ಯಾಗ ಕುಂತ್ರ ಮನ್ಯಾಗ ಕುಂತಂಗ ಆಗ್ತದ.”

ಅಂಬಣ್ಣ ಬಟ್ಟೆಯನ್ನು ಮುಟ್ಟಿ ನೋಡಿದ. ಒಣಗಿಯೇ ಇತ್ತು. ಅತ್ತ ತಾಯಣ್ಣ ಯಾರ ಜೊತೆಗೋ ನಗುತ್ತ ನಿಂತಿದ್ದ. ಅವನ ಬಾರುಕೋಲು ಬಂಡಿಯ ಮೇಲೆ ಸುಮ್ಮನೆ ಬಿದ್ದಿತ್ತು, ಅದಕ್ಕೆ ಬಾರನ್ನೇ ಕಟ್ಟಿರಲಿಲ್ಲ.

“ಕುಡೀತಿಯೇನು?” ಎಂದಳು ಬೂದೆಮ್ಮ.

“ನನಗ ಬ್ಯಾಡ. ಹೊಟ್ಟಿ ತುಂಬೇದ.”

ಸಾಲಿನಲ್ಲಿ ಎರಡನೆಯ ಬಂಡಿಯ ಸೂಗಪ್ಪ ಗಡಿಗೆಯನ್ನು ತನ್ನತ್ತ ಎಳೆದುಕೊಂಡ. “ತುಂಬೇದ ಖರೆ. ಏನು ತುಂಬೇದ ಅನ್ನೂದು ಮಾರಿ ಮ್ಯಾಲ ಕಾಣತದ” ಎಂದು ಹೇಳಿ, ಇನ್ನು ನಾಲ್ಕು ಮಂದಿಯನ್ನು ಕರೆದು ಮಜ್ಜಿಗೆ ಮುಗಿಸಿದ.

ಅಂದಿನಿಂದ ಆರು ವರ್ಷ ಆ ಒಣ ಬಟ್ಟೆ ಅಂಬಣ್ಣನ ಕಣ್ಣಿನಿಂದ ಹೋಗಲಿಲ್ಲ. ಗಾಲಿ ಕಲ್ಲಿನ ಮೇಲೆ ಏರಿ ಇಳಿದರೆ, ತಾಯಣ್ಣನಾಗಿದ್ದರೆ ಇದನ್ನು ತಪ್ಪಿಸುತ್ತಿದ್ದನೇನೋ ಎನಿಸುತ್ತಿತ್ತು. ಬೂದೆಮ್ಮ ಬಂಡಿಯಲ್ಲಿ ಕೂತು ಸೊಂಟ ನೀವಿಕೊಂಡರೆ, ಅವಳು ಮಾತಿಲ್ಲದೆ ತಾಯಣ್ಣನನ್ನು ನೆನೆಸುತ್ತಿದ್ದಾಳೆ ಎನಿಸುತ್ತಿತ್ತು. ಪಾಪ, ಅವಳಿಗೆ ಆ ಮಾತು ಮರೆತೇ ಹೋಗಿತ್ತು. ಗಂಜಿನಲ್ಲಿ ತಾಯಣ್ಣ ಎದುರಾಗಿ “ಗಬ್ಬೂರ ಅಣ್ಣಾರು ಆರಾಮ ಅದೀರಿಲ್ರಿ?” ಎಂದು ಕೇಳಿದರೆ, ಅಂಬಣ್ಣ ನೊಗದ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟುತ್ತ “ಹೂಂರಿ” ಎನ್ನುತ್ತಿದ್ದ. ಕಟ್ಟಿದ ಹಗ್ಗ ಮೊದಲೇ ಸರಿಯಾಗಿರುತ್ತಿತ್ತು.

ಸಾವಿರದ ಒಂಬೈನೂರ ನಲವತ್ತನಾಲ್ಕನೆಯ ಇಸವಿ. ದೂರದ ಯುದ್ಧಕ್ಕೆ ಪೆಟ್ರೋಲೆಲ್ಲ ಹೋಗಿ, ಆಗೊಂದು ಈಗೊಂದು ಓಡುತ್ತಿದ್ದ ಲಾರಿಗಳೂ ಮೂಲೆ ಹಿಡಿದಿದ್ದವು. ಹತ್ತಿಯ ಭಾರವೆಲ್ಲ ಎತ್ತುಗಳ ಹೆಗಲಿಗೇ ಬಂದಿತ್ತು. ರಾಯಚೂರು ಇನ್ನು ಎರಡು ಹರದಾರಿ ಇರುವಲ್ಲಿ ದೇವದುರ್ಗದ ದಾರಿಯೂ ಮಾನ್ವಿಯ ದಾರಿಯೂ ಒಂದಾಗುತ್ತಿದ್ದವು. ಕೂಡಿದ ದಾರಿ ಎರಡು ಬಂಡಿ ಜೋಡಿಯಾಗಿ ಹೋಗುವಷ್ಟು ಅಗಲವಾಗಿ ಒಂದು ಕೂಗಳತೆ ಹೋಗಿ, ಒಂದು ಹಳ್ಳಕ್ಕೆ ಇಳಿಯುತ್ತಿತ್ತು. ಹಳ್ಳದ ಮೇಲೆ ಕಲ್ಲಿನ ಸೇತುವೆ. ಹಿಂದಿನ ಮಳೆಗಾಲಕ್ಕೆ ಅದರ ಎಡ ಮಗ್ಗುಲು ಕುಸಿದು, ಈಗ ಆ ಅರ್ಧವನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದರು. ಉಳಿದ ಅರ್ಧದ ಮೇಲೆ ಹೋಗುವುದು ಒಂದೇ ಬಂಡಿ. ಹಳ್ಳಕ್ಕೆ ಇಳಿಸಿ ದಾಟಿಸೋಣವೆಂದರೆ ಎರಡೂ ಕಡೆ ಕಡಿದಾದ ದಂಡೆ, ನಡುವೆ ಮೊಣಕಾಲುದ್ದ ಕರಿಕೆಸರು.

ಕೆಲಸದ ಮೇಲಿದ್ದವನು ಗುಲಾಮ್ ದಸ್ತಗೀರ್ ಎಂಬ ಜಮಾದಾರ. ಬಿಚ್ಚಿದ ಕಡೆಗೆ ಕಲ್ಲಿನ ಸಾಲು ಇಟ್ಟು, ಒಂದು ಕೋಲಿಗೆ ಕೆಂಪು ಅರಿವೆ ಕಟ್ಟಿ ನಿಲ್ಲಿಸಿದ್ದ. ಅವನಿಗೆ ಕಲ್ಲಿಗಿಂತ ಬಂಡಿಯವರದೇ ಹೆಚ್ಚು ತಾಪತ್ರಯವಾಗಿತ್ತು. ಎರಡು ಸಾಲು ಒಟ್ಟಿಗೆ ಬಂದರೆ, ಸಾಲು ಕಡಿಯಬಾರದೆಂಬ ಹಟದಿಂದ, ಒಂದು ಊರಿನ ಬಂಡಿಗಳೆಲ್ಲ ದಾಟುವತನಕ ಇನ್ನೊಂದು ಊರಿನವರು ನೊಗದಿಂದ ಎತ್ತಿನ ಕೊರಳು ಬಿಟ್ಟು ಕೂರಬೇಕು. ಯಾರು ಮೊದಲು ಎಂಬುದಕ್ಕೆ ಜಗಳ. ಹಿಂದಿನ ವಾರ ಕವಿತಾಳದವರು ಬೆಳಿಗ್ಗೆ ಬಂದವರು ಹೊತ್ತು ಮುಳುಗುವತನಕ ನಿಂತರು. ಅವರಲ್ಲೊಬ್ಬ ರೋಸಿ ಬಂಡಿಯನ್ನು ಹಳ್ಳಕ್ಕೆ ಇಳಿಸಿ, ಮೂರು ಅಂಡಿಗೆ ಹತ್ತಿಯನ್ನು ಕೆಸರಿಗೆ ಕೆಡವಿದ. ಒಬ್ಬರಿಗೊಬ್ಬರು ಬಾರುಕೋಲಿನಿಂದ ಬೀಸಿಕೊಂಡದ್ದೂ ಆಯಿತು.

ಆ ದಿನ ಬಿಸಿಲು ಏರುವ ಹೊತ್ತಿಗೆ ಗಬ್ಬೂರಿನ ಮೂವತ್ತನಾಲ್ಕು ಬಂಡಿಗಳು ಕೂಡುದಾರಿಗೆ ಬಂದವು. ಅಂಬಣ್ಣ ಕತ್ತೆತ್ತಿ ನೋಡಿದರೆ ಮಾನ್ವಿಯ ದಾರಿಯಲ್ಲಿ ಧೂಳು. ಧೂಳಿನೊಳಗಿಂದ ಬೇರೆ ಗಂಟೆಯ ಸದ್ದು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಹೊಡೀರಿ” ಎಂದು ಅವನು ಹಿಂದಕ್ಕೆ ಕೂಗಿ ಕೆಂದನ ಬಾಲ ತಿರುವಿದ. ಭಾರ ಎಳೆದು ದಣಿದ ಎತ್ತುಗಳು ಓಡಲಾರದೆ ಓಡಿದವು. ಅಂಡಿಗೆಗಳು ಓಲಾಡಿದವು. ಕೆಂಪು ಅರಿವೆಯ ಹತ್ತಿರ ಅವನು ಎಡಕ್ಕೆ ಮುಟ್ಟಿದಾಗಲೇ ಬಲಕ್ಕೆ ತಾಯಣ್ಣನ ಬಂಡಿಯೂ ಬಂದು ನಿಂತಿತು, ಓಡಿ ಬಂದ ಯಾವ ಗುರುತೂ ಇಲ್ಲದೆ. ಎರಡೂ ನೊಗಗಳು ಒಂದೇ ಗೆರೆಯ ಮೇಲೆ ಇದ್ದವು.

ದಸ್ತಗೀರ್ ಕಲ್ಲಿನ ಮೇಲೆ ಕೂತುಬಿಟ್ಟ. “ಆತು. ಇವತ್ತಿನ ಕೆಲಸ ಆತು. ನೀವು ಬಡದಾಡ್ರಿ, ನಾ ಚಾ ಕುಡೀತೀನಿ. ಒಬ್ಬರರ ಬದುಕಿದ್ರ ನನಗ ಹೇಳ್ರಿ.”

ತಾಯಣ್ಣ ಬಂಡಿಯಿಂದ ಇಳಿದ. ಹಿಂದೆ ತನ್ನ ನಲವತ್ತು ಬಂಡಿಗಳನ್ನು ನೋಡಿದ, ಗಬ್ಬೂರಿನ ಸಾಲನ್ನೂ ನೋಡಿದ. ಎರಡರ ಬಾಲವೂ ಕೂಡುದಾರಿಯ ಆಚೆ ನೀರಿನ ಬಾವಿಯನ್ನು ದಾಟಿ ನಿಂತಿದ್ದವು. ಅವನು ನಡೆದು ಬಂದು ಅಂಬಣ್ಣನ ಕೆಂದನ ಮೂಗಿನ ಮುಂದೆಯೇ ನಿಂತ.

“ಅಣ್ಣಾರ, ಒಂದು ಮಾತು. ಒಂದು ಬಂಡಿ ನಿಮ್ದು ಹೋಗ್ಲಿ, ಅದರ ಬೆನ್ನಿಗೆ ಒಂದು ನಮ್ದು ಹೋಗ್ಲಿ. ಮತ್ತ ಒಂದು ನಿಮ್ದು, ಒಂದು ನಮ್ದು. ಜಡಿ ಹೆಣದಂಗ. ಹಿಂದಿನಾವ್ರು ಯಾರೂ ಕೊಳ್ಳು ಬಿಡೂದು ಬ್ಯಾಡ, ಜೋಡಿಲೇ ಇಲ್ಲೀತನ ಬರ್ಲಿ, ಇಲ್ಲಿ ಮಾತ್ರ ಪಾಳಿ ಹಿಡೀಲಿ. ಮೊದಲ ಬಂಡಿ ನಿಮ್ದ ಇರ್ಲಿ.”

ಅಂಬಣ್ಣನ ಕಿವಿಗೆ ಮಾತಿನ ಅರ್ಧವೂ ಬೀಳಲಿಲ್ಲ. ಅವನು ನೋಡುತ್ತಿದ್ದುದು ತಾಯಣ್ಣನ ಮುಂಡಾಸನ್ನು. ಇಷ್ಟು ದೂರದ ಧೂಳಿನಲ್ಲಿ ಬಂದರೂ ಅದು ಬಿಳುಪಾಗಿಯೇ ಇತ್ತು. ಮೊದಲ ಬಂಡಿ ನಿಮ್ಮದೇ ಇರಲಿ ಎನ್ನಲು ಇವನಾರು, ತನ್ನ ಮನೆಯ ತಟ್ಟೆಯಿಂದ ಎತ್ತಿಕೊಡುವವನಂತೆ. ಇತ್ತ ಕೆಂದ ಅಪರಿಚಿತ ಮನುಷ್ಯನನ್ನು ಕಂಡು ಕೊಂಬು ಆಡಿಸತೊಡಗಿತ್ತು.

“ಸರೀರಿ” ಎಂದ ಅಂಬಣ್ಣ ಬಿರುಸಾಗಿ.

ಅವನು ಹೇಳಿದ್ದು, ಎತ್ತಿನ ಮುಂದಿನಿಂದ ಆಚೆ ಸರಿಯಿರಿ ಎಂದು. ತಾಯಣ್ಣ ಕೇಳಿಸಿಕೊಂಡದ್ದು, ಸರಿ, ಹಾಗೆಯೇ ಆಗಲಿ ಎಂದು. ನಮ್ಮ ಸೀಮೆಯ ಬಾಯಲ್ಲಿ ಎರಡಕ್ಕೂ ಅದೊಂದೇ ಮಾತು.

ತಾಯಣ್ಣ ತಿರುಗಿ ತನ್ನವರ ಕಡೆಗೆ ಕೈ ಎತ್ತಿದ. “ಗಬ್ಬೂರ ಅಣ್ಣಾರು ಸರಿ ಅಂದ್ರು. ಒಂದು ಅವರದು, ಒಂದು ನಮ್ದು. ಯಾರೂ ನುಗ್ಗಬ್ಯಾಡ್ರಿ.” ಮಾತು ಬಂಡಿಯಿಂದ ಬಂಡಿಗೆ ದಾಟಿ ಬಾವಿಯವರೆಗೂ ಹೋಯಿತು. ಅಂಬಣ್ಣ ಬಾಯಿ ತೆರೆಯುವಷ್ಟರಲ್ಲಿ ತಾಯಣ್ಣ ಇನ್ನೊಂದು ಕೆಲಸ ಮಾಡಿದ್ದ. ತನ್ನ ಎತ್ತಿನ ಕೊರಳ ಮುಂಗಂಟೆಯನ್ನು ಬಿಚ್ಚಿ ಬಂಡಿಯ ಹುಲ್ಲಿನೊಳಗೆ ಇಟ್ಟುಬಿಟ್ಟಿದ್ದ. ಸಾಲು ಕಡಿಸಿಕೊಳ್ಳುವವನು ಗಂಟೆ ಬಿಚ್ಚಬೇಕು. ಕಡಿಯುವ ಮೊದಲೇ ಬಿಚ್ಚಿದ್ದ.

ದಸ್ತಗೀರ್ ಚಹಾದ ಲೋಟವನ್ನು ಅಲ್ಲಿಯೇ ಇಟ್ಟು ಎದ್ದ. “ಯಾ ಅಲ್ಲಾ, ಶಾಣ್ಯಾರು ಬಂದಾರ. ನಡೀರಿ, ನಡೀರಿ, ಗಬ್ಬೂರು ನಡೀರಿ” ಎಂದು ಕೆಂದನ ಬೆನ್ನಿಗೆ ಒಂದು ಏಟು ಕೊಟ್ಟ. ಬಂಡಿ ಸೇತುವೆಯ ಮೇಲೆ ಹತ್ತಿತು. ಅಲ್ಲಿ ಹತ್ತಿದ ಮೇಲೆ ನಿಲ್ಲುವಂತಿಲ್ಲ, ತಿರುಗುವಂತಿಲ್ಲ. ಆಚೆ ದಡ ಮುಟ್ಟಿ ಅಂಬಣ್ಣ ಹಿಂದೆ ನೋಡಿದರೆ, ಹನ್ನೆರಡು ವರ್ಷ ಸೂಗಪ್ಪನ ಎತ್ತುಗಳು ಕಾಣುತ್ತಿದ್ದ ಜಾಗದಲ್ಲಿ ತಾಯಣ್ಣನ ಬಿಳಿ ಮುಂಡಾಸು. ಅವನ ಹಿಂದೆ ಸೂಗಪ್ಪ, ಸೂಗಪ್ಪನ ಹಿಂದೆ ಮತ್ತೊಬ್ಬ ಮಾನ್ವಿಯವನು.

ಸಾಲು ಕಡಿದಿತ್ತು.

ಆದರೆ ಕಡಿದ ಸಾಲು ಎಷ್ಟು ಚೆಂದ ಓಡುತ್ತಿತ್ತೆಂದರೆ, ಕುದಿಯುತ್ತಿದ್ದ ಅಂಬಣ್ಣನಿಗೂ ಕಣ್ಣು ಕೀಳಲಾಗಲಿಲ್ಲ. ಎಡ ಸಾಲಿನ ಬಂಡಿ ಸೇತುವೆ ಹತ್ತುವಾಗಲೇ ಬಲ ಸಾಲಿನದು ಒಂದು ಬಂಡಿಯಷ್ಟು ಎಡೆ ಬಿಟ್ಟು ನೊಗ ತಿರುಗಿಸುತ್ತಿತ್ತು. ಯಾರ ಎತ್ತೂ ಪೂರಾ ನಿಲ್ಲಲಿಲ್ಲ. ಯಾರೂ ಬಾರುಕೋಲು ಎತ್ತಲಿಲ್ಲ. ಗಬ್ಬೂರಿನ ಮೂವತ್ತನಾಲ್ಕು ಮುಗಿದು, ಮಾನ್ವಿಯ ಹಿಂದಿನ ಆರೂ ಬಂದು, ಎಪ್ಪತ್ತನಾಲ್ಕು ಬಂಡಿ ದಾಟಿದಾಗ ನೆರಳು ಇನ್ನೂ ಕಾಲಬುಡಕ್ಕೆ ಬಂದಿರಲಿಲ್ಲ.

ಗಂಜಿನಲ್ಲಿ ಅದೇ ಮಾತು. ಮಾನ್ವಿಯ ತಾಯಣ್ಣ ಕೇಳಿದನಂತೆ, ಗಬ್ಬೂರಿನ ಅಂಬಣ್ಣ ಸರಿ ಅಂದನಂತೆ. ಕವಿತಾಳದ ಬಂಡಿಯವನೊಬ್ಬ, ಮೊನ್ನೆ ಕೆಸರಿನಿಂದ ಹತ್ತಿ ಎತ್ತಿದವನು, ಅಂಬಣ್ಣನ ಕೈ ಹಿಡಿದು “ನಿಮ್ಮಂಥಾವರು ಹೋದ ವಾರ ಎಲ್ಲಿ ಹೋಗಿದ್ರಿ ಮಾರಾಯ್ರ” ಎಂದ. ಎಲ್ಲರೂ ತನ್ನನ್ನು ಹೊಗಳುತ್ತಿದ್ದರೂ ಅಂಬಣ್ಣನಿಗೆ ಕೇಳಿಸುತ್ತಿದ್ದುದು ಮೊದಲು ಬರುವ ಹೆಸರು ಮಾತ್ರ. ತಾಯಣ್ಣ ಕೇಳಿದ, ಅಂಬಣ್ಣ ಅಂದ. ಯಾವಾಗಲೂ ತಾಯಣ್ಣನೇ ಮೊದಲು. ಗಂಟೆ ಬಿಚ್ಚುವುದರಲ್ಲಿಯೂ ಅವನೇ ಮೊದಲು.

ಊರಿಗೆ ಬಂದ ಸಂಜೆ ಬೇವಿನ ಕಟ್ಟೆಯ ಮೇಲೆ ಬಂಡಿಯವರೆಲ್ಲ ಸೇರಿದರು. ಬಂಡಿಯವರ ಹೆಂಡಂದಿರು ಒಂದಿಷ್ಟು ದೂರದಲ್ಲಿ ನಿಂತಿದ್ದರು, ಬೂದೆಮ್ಮನೂ ಇದ್ದಳು. ಸೂಗಪ್ಪ ಮುಂಗಂಟೆಗಾಗಿ ಎಷ್ಟೋ ವರ್ಷದಿಂದ ಕಾದವನು. ಎದ್ದು ನಿಂತು ಮಲ್ಲಯ್ಯನಿಗೆ ಹೇಳಿದ:

“ಯಪ್ಪಾ, ಸಾಲು ಕಡದದ. ನನ್ನ ಎತ್ತಿನ ಮೂಗಿನ ಮುಂದ ಮಾನ್ವಿ ಬಂಡಿ ಬಂತು. ನಾ ಕಣ್ಣಾರೆ ನೋಡೀನಿ.”

“ನಿನ್ನ ಎತ್ತಿನ ಮೂಗು ನೀನ ನೋಡ್ಬೇಕಲ್ಲ, ನಾ ನೋಡ್ಲೇನು? ಕುಂದ್ರು” ಎಂದ ಮಲ್ಲಯ್ಯ. ಅವನಿಗೆ ಎಪ್ಪತ್ತು ದಾಟಿತ್ತು, ಕಣ್ಣು ಮಂಜಾಗಿದ್ದವು, ಕಿವಿ ಮಾತ್ರ ಚುರುಕು. “ಅಂಬಣ್ಣಾ, ನನ್ನ ಕಡೆ ನೋಡಿ ಹೇಳು. ಮಾನ್ವಿಯಾವ್ರು ನುಗ್ಗಿ ಕಡದ್ರೋ, ನೀನಾಗಿ ಎಡಿ ಕೊಟ್ಟಿಯೋ? ಅವರ ನುಗ್ಗಿದ್ರ ಗಂಟಿ ನಿನ್ನ ಎತ್ತಿನ ಕೊಳ್ಳಾಗ ಇರ್ತದ, ತಾಯಣ್ಣನ ಹೆಸರು ನಾಳೆ ಊರೂರಿಗೆ ಹೋಗ್ತದ. ನೀ ಕೊಟ್ಟಿದ್ರ ಬಿಚ್ಚು.”

ಅಂಬಣ್ಣ ಕಟ್ಟೆಯ ಕಲ್ಲನ್ನು ನೋಡುತ್ತ ನಿಂತ. ನಿಜವೇ ಅವನ ಕೈಯಲ್ಲಿತ್ತು. ನಾನು ಒಪ್ಪಿದ್ದೇ ಇಲ್ಲ, ಎತ್ತಿನ ಮುಂದಿನಿಂದ ಸರಿ ಎಂದೆ, ಅವನು ತಿಳಿದಂತೆ ತಿಳಿದುಕೊಂಡು ಬಂಡಿ ಬಿಟ್ಟ. ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಅಷ್ಟು ಹೇಳಿದರೆ ಗಂಟೆಯೂ ಉಳಿಯುತ್ತದೆ, ಆರು ವರ್ಷದ ಆ ಒಣ ಬಟ್ಟೆಗೂ ಲೆಕ್ಕ ತೀರುತ್ತದೆ. ಬಿಳಿ ಮುಂಡಾಸಿನವನನ್ನು ಒಂದು ಊರಿನವರೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮಾತು ನಾಲಿಗೆಯ ತುದಿಗೆ ಬಂದೂ ಬಂತು.

ಅಲ್ಲಿಯೇ ಇನ್ನೊಂದು ಯೋಚನೆ ಬಂದು ಕಾಲಿಗೆ ತೊಡರಿತು. ತಾನು ಒಪ್ಪಿಲ್ಲ ಎಂದಮೇಲೆ, ಎಪ್ಪತ್ತನಾಲ್ಕು ಬಂಡಿ ಹೊತ್ತು ನೆತ್ತಿಗೆ ಬರುವ ಮೊದಲೇ ದಾಟಿಸಿದವನು ಯಾರು? ತಾಯಣ್ಣ ಒಬ್ಬನೇ. ಊರಿನವರು ಅವನನ್ನು ದೂರವಿಟ್ಟರೂ ಆ ಕೆಲಸ ಪೂರ್ತಿ ಅವನದೇ ಆಗಿ ಉಳಿಯುತ್ತದೆ. ಕವಿತಾಳದವನು ಹಿಡಿದ ಕೈ ಬಿಟ್ಟುಬಿಡುತ್ತಾನೆ. ತನ್ನ ಹೆಸರಿಗೆ ಉಳಿಯುವುದು, ಏನು ಕೇಳಿದರೆಂದು ಗೊತ್ತಾಗದೆ ಎತ್ತಿಗಾಗಿ ಕಿರುಚಿದ ದಡ್ಡತನ. ಇದ್ದ ಅರ್ಧ ಹೆಸರನ್ನೂ ಅವನ ಬಂಡಿಗೇ ಹೇರಿ ಕಳಿಸಿದಂತಾಗುತ್ತದೆ. ಅದು ಅಂಬಣ್ಣನಿಂದ ಆಗುವ ಮಾತಾಗಿರಲಿಲ್ಲ. ಇನ್ನೂ ಒಂದು ಇತ್ತು, ಅದನ್ನು ಅವನು ತನಗೆ ತಾನೂ ಹೇಳಿಕೊಳ್ಳಲಿಲ್ಲ: ತಾಯಣ್ಣ ನುಗ್ಗಿರಲಿಲ್ಲ.

“ಸರಿ ಅಂದೆ” ಎಂದ ಅಂಬಣ್ಣ.

“ಏನಂದಿ?”

“ಅವ ಕೇಳಿದ. ನಾ ಸರಿ ಅಂದೆ. ಎಡಿ ನಾನ ಕೊಟ್ಟೆ.”

ಬೇರೆ ಯಾರೂ ಮಾತಾಡುವ ಮೊದಲೇ ಅವನು ಕಟ್ಟೆ ಇಳಿದು ತನ್ನ ಬಂಡಿಯ ಹತ್ತಿರ ಹೋದ. ಹನ್ನೆರಡು ವರ್ಷದ ಬೆವರಿಗೆ ಗಂಟೆಯ ತೊಗಲುಬಾರು ಕಲ್ಲಾಗಿತ್ತು. ಗಂಟು ಬೆರಳಿಗೆ ಬಿಡದೆ ಹಲ್ಲಿನಿಂದ ಕಚ್ಚಿ ಬಿಚ್ಚಿದ. ತಂದು ಮಲ್ಲಯ್ಯನ ಮುಂದೆ ಇಟ್ಟ. ಮಲ್ಲಯ್ಯ ಅದನ್ನು ಸೂಗಪ್ಪನ ಕೈಗೆ ಕೊಡುತ್ತ, “ನೀನೂ ಹಿಂಗ ಬಿಚ್ಚೂದು ಕಲಿ” ಎಂದ. ಸೂಗಪ್ಪನ ನಗೆ ಅರ್ಧಕ್ಕೆ ನಿಂತಿತು.

ಮನೆಯಲ್ಲಿ ಬೂದೆಮ್ಮ ರೊಟ್ಟಿ ಬಡಿಯುತ್ತ ಕೇಳಿದಳು. “ಖರೇನ ಸರಿ ಅಂದ್ಯಾ?”

“ಯಾಕ ಬೇ, ನಾ ಅನ್ನಬಾರದೇನು? ಶಾಣೇತನ ಏನು ಮಾನ್ವಿಯಾವ್ರಿಗೆ ಅಷ್ಟ ಬರೆದುಕೊಟ್ಟಾರೇನು?”

“ನಾ ಮಾನ್ವಿ ಹೆಸರ ತಗದಿಲ್ಲ” ಎಂದಳು ಅವಳು. ಅವನ ರೊಟ್ಟಿಗೆ ಅಂದು ಒಂದಿಷ್ಟು ಹೆಚ್ಚು ಎಣ್ಣೆ ಹಚ್ಚಿದ್ದಳು, ಅದನ್ನು ಅವನು ಗಮನಿಸಲಿಲ್ಲ.

ಹನ್ನೊಂದು ದಿನಕ್ಕೆ ಮತ್ತೊಂದು ಹೇರು. ಸೂಗಪ್ಪ ಗಂಟೆ ಬಾರಿಸುತ್ತ ಮುಂದೆ, ಅಂಬಣ್ಣ ಎರಡನೆಯವನು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನ ಮೂಗಿಗೆ ಇನ್ನೊಬ್ಬನ ಧೂಳು ಬಂತು. ಸೇತುವೆಯ ಹತ್ತಿರ ನೋಡಿದರೆ ಮಾನ್ವಿಯ ಸಾಲೂ ಬಂದಿತ್ತು, ಅಲ್ಲಿಯೂ ಮುಂದೆ ಹೊಸಬ. ತಾಯಣ್ಣನೂ ಎರಡನೆಯ ಬಂಡಿಗೆ ಬಂದಿದ್ದ. ಸೇತುವೆಯ ಮೇಲೆ ಪಾಳಿ ಹಿಡಿದರೆ ಸಾಲು ಕಡಿದ ಲೆಕ್ಕವಲ್ಲ ಎಂದು ಅಷ್ಟರಲ್ಲಿ ಎರಡೂ ಊರಿನವರು ಒಪ್ಪಿಕೊಂಡಿದ್ದರು. ಸೂಗಪ್ಪ ದಾಟಿದ, ಮಾನ್ವಿಯ ಹೊಸಬ ದಾಟಿದ. ಕೆಂಪು ಅರಿವೆಯ ಬುಡದಲ್ಲಿ ಮತ್ತೆ ಇವರಿಬ್ಬರ ನೊಗವೇ ಜೋಡಿಯಾಯಿತು. ಪಾಳಿ ಗಬ್ಬೂರಿನದು.

ಹಿಂದಿನ ಸಲ ತಾಯಣ್ಣ ಎಡೆಗೊಟ್ಟಿದ್ದ. ಈ ಸಲ ಕೊಡುವವನು ತಾನೇ ಆಗಬೇಕೆಂದು ಅಂಬಣ್ಣ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ. ಮೂಗುದಾರ ಜಗ್ಗಿ ಎತ್ತುಗಳನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದ.

“ನೀವು ನಡೀರಿ.”

“ಇಲ್ರಿ ಅಣ್ಣಾರ, ಪಾಳಿ ನಿಮ್ದು.”

“ಹೋದ ಸಲ ನೀವು ಬಿಟ್ಟಿದ್ರಿ, ಈ ಸಲ ನಾ ಬಿಡ್ತೀನಿ.”

“ನೀವು ದೊಡ್ಡವ್ರು, ನೀವು ನಡೀರಿ.”

“ನಿಮಗಿಂತ ನಾ ಏನು ದೊಡ್ಡಾವ. ನೀವ ನಡೀರಿ.”

ಹಿಂದೆ ಎರಡೂ ಸಾಲು ನಿಂತವು. ಎತ್ತುಗಳು ಒಂದರ ಮೇಲೊಂದು ಒತ್ತರಿಸಿ, ಯಾರದೋ ಅಂಡಿಗೆ ಇನ್ನೊಬ್ಬನ ಗಾಲಿಗೆ ತಗುಲಿತು. “ಏನ್ರಲೇ ಮುಂದ, ಬೀಗರ ಮನಿ ಊಟಕ್ಕ ಕುಂತಾರೇನು? ಎಲಿ ಮುಂದಿಟ್ಟು ಎಷ್ಟೊತ್ತು ಉಪಚಾರ?” ಎಂದು ಹಿಂದಿನಿಂದ ಕೂಗು ಬಂತು. ದಸ್ತಗೀರ್ ಓಡಿ ಬಂದ.

“ಆಗ ಜಗಳ ಆಡಿ ರಸ್ತಾ ಬಂದ್ ಮಾಡ್ತಿದ್ರಿ. ಈಗ ಅದಬ್ ಉಪಚಾರ ಮಾಡಿ ಬಂದ್ ಮಾಡಾಕತ್ತೀರಿ. ಅಂಬಣ್ಣಾ, ಪಾಳಿ ನಿಂದೋ ಅಲ್ಲೋ?”

“ನಂದ.”

“ಹಂಗಾರ ಹೋಗು ಮಾರಾಯಾ. ಪಾಳಿ ಬಂದಾಗ ಹೋಗೂದ ಮರ್ಯಾದಿ. ನಿನ್ನ ದೊಡ್ಡಸ್ತನ ಆ ದಂಡಿಗೆ ಹೋಗಿ ಮಾಡು.”

ಸುತ್ತಲಿನವರು ನಕ್ಕರು. ಅಂಬಣ್ಣ ಕಿವಿ ಬಿಸಿಯಾಗಿ ಸೇತುವೆ ದಾಟಿದ. ಕೊಡುವುದರಲ್ಲಿ ಗೆಲ್ಲಬೇಕೆಂದು ಹೋದರೆ ಅದೂ ಕೈಕೊಟ್ಟಿತು.

ಗಂಜಿನಲ್ಲಿ ಎತ್ತುಗಳಿಗೆ ನೀರು ಕುಡಿಸುವಾಗ ತಾಯಣ್ಣ ಪಕ್ಕಕ್ಕೆ ಬಂದು ನಿಂತ. ತನ್ನ ಎತ್ತುಗಳನ್ನೂ ನೀರಿಗೆ ಬಿಟ್ಟು ಹೇಳಿದ: “ಅಣ್ಣಾರ, ಅವತ್ತು ನೀವು ಯಾವ ‘ಸರೀರಿ’ ಅಂದ್ರಿ ಅನ್ನೂದು ನನಗ ಪೂಲು ದಾಟಿದ ಮ್ಯಾಲ ಹೊಳೀತು. ನಿಮ್ಮ ಎತ್ತು ಕೊಂಬು ಆಡಿಸಿದ್ದು ಆಮ್ಯಾಲ ನೆನಪಾತು.”

ಅಂಬಣ್ಣನ ಕೈಯಲ್ಲಿದ್ದ ಹಗ್ಗ ನೀರಿಗೆ ಬಿತ್ತು. “ಮತ್ತ ಯಾರ ಮುಂದೂ ಯಾಕ ಅನ್ನಲಿಲ್ಲ?”

“ನೀವ ಅನ್ನಲಿಲ್ಲ. ನಿಮ್ಮೂರಾಗ ಒಂದು ಮಾತು ಅಂದಿದ್ರ ನನ್ನ ಬಂಡಿ ಮೂಲಿ ಹಿಡೀತಿತ್ತು. ನೀವು ಗಂಟಿ ಬಿಚ್ಚಿದ್ರಿ ಅಂತ ಸುದ್ದಿ ಬಂತು. ನನಗಾಗಿದ್ರ ಆ ಮಾತು ತಡಿಯೂದು ಆಗ್ತಿತ್ತೋ ಇಲ್ಲೋ.”

ಇಷ್ಟು ಹೇಳಿ ಅವನು ಹೋದ. ಅಂಬಣ್ಣನಿಗೆ ಇದನ್ನು ಕೇಳಿ ಹಗುರಾಗಬೇಕಿತ್ತು. ಆಗಲಿಲ್ಲ. ಉಪಕಾರವನ್ನು ಇಷ್ಟು ಚೆನ್ನಾಗಿ ಒಪ್ಪಿಕೊಳ್ಳುವ ಬಾಯಿ ತನಗೇಕಿಲ್ಲ ಎಂದು ಸಂಜೆಯವರೆಗೂ ಒಳಗೊಳಗೇ ಕುಟುಕಿಸಿಕೊಂಡ.

ಉಗಾದಿಗೆ ಅವನು ಬೂದೆಮ್ಮನನ್ನು ಕರೆದುಕೊಂಡು ಅವಳ ತವರಿಗೆ ಹೋದ, ತನ್ನದೇ ಬಂಡಿ, ಸಾಲಿಲ್ಲ, ಹೇರಿಲ್ಲ. ಬರುವಾಗ ಅತ್ತೆ ಒಂದು ಗಡಿಗೆ ಮಜ್ಜಿಗೆಯನ್ನು ಕಂಠಮಟ್ಟ ತುಂಬಿ ಬಟ್ಟೆ ಕಟ್ಟಿ ಕೊಟ್ಟಳು. ದಾರಿಯಲ್ಲಿ ಅಂಬಣ್ಣ ಬಾರುಕೋಲು ಎತ್ತಲಿಲ್ಲ. ಕಲ್ಲು ಕಂಡಲ್ಲಿ ಇಳಿದು ಎತ್ತಿನ ಕೊರಳು ಹಿಡಿದು ನಡೆಸಿದ. ಗಂಟೆಯ ಸದ್ದಿಲ್ಲದ ಕೆಂದನಿಗೂ ಅವಸರವಿರಲಿಲ್ಲ. ಎದುರಿಗೆ ಬಂಡಿ ಬಂದರೆ ದೂರದಲ್ಲಿಯೇ ಬದಿಗೆ ನಿಂತು ಎಡೆಗೊಟ್ಟ. ಬೂದೆಮ್ಮ ಗಂಡನನ್ನು ವಿಚಿತ್ರವಾಗಿ ನೋಡುತ್ತಿದ್ದಳು.

ಊರು ಕಾಣುವ ಹೊತ್ತಿಗೆ ಅವನು ತಡೆಯಲಾರದೆ ಕೈ ಹಿಂದಕ್ಕೆ ಚಾಚಿ ಗಡಿಗೆಯ ಬಟ್ಟೆ ಮುಟ್ಟಿದ. ಒಂದು ಅಂಚು ತೊಯ್ದಿತ್ತು.

“ಚೆಲ್ಲೇದ” ಎಂದ.

“ಒಂದು ಗುಟುಕು ಚೆಲ್ಲೇದ. ಕಂಠದಮಟ ತುಂಬಿದ್ದು, ಅಷ್ಟೂ ಚೆಲ್ಲಬಾರದೇನ?”

“ತಾಯಣ್ಣನ ಬಂಡ್ಯಾಗ ಚೆಲ್ಲಿದ್ದಿಲ್ಲ. ನೀನ ಅಂದಿದ್ದಿ.”

ಬೂದೆಮ್ಮ ಬಹಳ ಹೊತ್ತು ನೆನಪು ಮಾಡಿಕೊಂಡಳು. ನೆನಪಾದ ಮೇಲೆ ಸೆರಗು ಬಾಯಿಗೆ ಇಟ್ಟುಕೊಂಡಳು. “ಅಯ್ಯ, ಆವತ್ತಿಂದೇನು? ಅವತ್ತು ದಾರ್ಯಾಗ ಬಿಸಲಿಗೆ ಮಾನ್ವಿಯಾವ್ರಿಗೆಲ್ಲ ಒಂದೊಂದು ಚರಗಿ ಹಾಕಿ ಕೊಟ್ಟಿದ್ದೆ. ಗಡಿಗ್ಯಾಗ ಅರ್ಧ ಸುದ್ದಾ ಇದ್ದಿದ್ದಿಲ್ಲ. ಇಲ್ಲದ್ದು ಹೆಂಗ ಚೆಲ್ಲತದ?”

ಅಂಬಣ್ಣ ಮುಂದೆ ತಿರುಗಿ ಕೂತ. ಕೆಂದನ ಕೊರಳಿನಲ್ಲಿ ಗಂಟೆಯ ಬಾರು ಉಜ್ಜಿ ಕೂದಲು ಹೋದ ಜಾಗ ಬೋಳಾಗಿ ಕಾಣುತ್ತಿತ್ತು. ಅದರ ಅಂಚಿನಲ್ಲಿ ಹೊಸ ಕೂದಲು ಚಿಗುರಿತ್ತು. ಅವನು ಅದನ್ನೇ ನೋಡುತ್ತ ಅರ್ಧ ಹರದಾರಿ ಹೋದ. ಊರ ಅಗಸಿ ಬಾಗಿಲ ಹತ್ತಿರ ಇನ್ನೊಂದು ಬಂಡಿ ಹೊಲದ ದಾರಿಯಿಂದ ಬಂದು ಸೇರಿತು, ಸೂಗಪ್ಪನದು. ಅಗಸಿಯಲ್ಲಿ ಹೋಗುವುದು ಒಂದೇ ಬಂಡಿ.

“ನಡಿ” ಎಂದ ಅಂಬಣ್ಣ.

“ನೀ ಮೊದಲ ಬಂದಿ, ನೀ ನಡಿ” ಎಂದ ಸೂಗಪ್ಪ.

ಅಂಬಣ್ಣ ಎರಡನೆಯ ಮಾತಾಡದೆ ಎತ್ತು ಬಿಟ್ಟ. ಅಗಸಿ ದಾಟಿದ ಮೇಲೆ ಹಿಂದೆ ತಿರುಗದೆಯೇ ಹೆಂಡತಿಗೆ ಹೇಳಿದ:

“ಆ ಮಜ್ಜಿಗಿ ಬಿಚ್ಚು ಬೇ. ಒಂದು ಚರಗಿ ನನಗ ಹಾಕು.”